ಕಂಪ್ಯೂಟರ್ ಕಟ್ಟೆ: ಸೆಟ್ಟಿಂಗ್ ಬೇರೆ, ರೆಕಾರ್ಡಿಂಗ್ ಬೇರೆ

ಪ್ರಶ್ನೆ: ಅಣ್ಣಾ, ನಮಸ್ಕಾರ. ಟಿವಿ ಪಕ್ಕ ಒಂದು ಹಳೇ ಕಂಪ್ಯೂಟರ್ ಇಟ್ಟು ವಿಂಡೋಸ್ ಬದಲು ಲಿಬ್ರೆಎಲೆಕ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಅದರಲ್ಲಿ ವಿಡಿಯೋ ತೋರಿಸೋ ಕೋಡಿ, ಚಾನೆಲ್ ರೆಕಾರ್ಡ್ ಮಾಡೋ ಟಿವಿಹೆಡ್‌ಎಂಡ್, ಡಿಶ್ ವೈರ್ ಸಿಕ್ಕಿಸೋ ಒಂದು ಟ್ಯೂನರ್ ಕಾರ್ಡ್ ಇವೆ, ಮಾಳಿಗೆ ಮೇಲೆ ಫ್ರೀ ಡಿಶ್. ಚಂದನದಿಂದ ರೆಕಾರ್ಡ್ ಮಾಡಿದ್ದು ಸುಮಾರು 300 ಜಿಬಿ ಇದೆ. ಅದರ ಜೊತೆಗೆ ಊರಲ್ಲಿ ನಮ್ಮ ಅಪ್ಪಾಜಿ ಭೀಮನ ಪಾತ್ರ ಮಾಡಿದ ದೊಡ್ಡಾಟದ ವಿಡಿಯೋ ಕೂಡ ಅಲ್ಲೇ ಇದೆ. ಈಗ ಅವರಿಗೆ ಮಂಡಿನೋವು, ಕುಣಿಯೋಕಾಗಲ್ಲ, ಸಂಜೆ ಅದನ್ನೇ ಹಾಕು ಅಂತಾರೆ. ವಾರದಿಂದ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತಿದೆ. ಸೆಟ್ಟಿಂಗ್ ಬ್ಯಾಕಪ್ ಒಂದು ಮಾಡಿದ್ದೇನೆ, ಅಷ್ಟು ಸಾಕಾ?
– ಓದುಗರು, ಗಂಗಾವತಿ

ಉತ್ತರ: ಸಾಲದು ತಮ್ಮಾ. ಮೊದಲು ಆ ಕಂಪ್ಯೂಟರ್ ಆಫ್ ಮಾಡು. ಟಿಕ್ ಟಿಕ್ ಅನ್ನುವ ಡಿಸ್ಕ್ ಓಡಿದಷ್ಟೂ ಹಾಳಾಗುತ್ತಾ ಹೋಗುತ್ತದೆ. ಹೊಸ ಡಿಸ್ಕ್ ಕೈಗೆ ಬಂದ ಮೇಲೆ ಮತ್ತೆ ಆನ್ ಮಾಡಿದರಾಯಿತು. ಆನ್ ಆದ ಕೂಡಲೇ ಮೊದಲು ತೆಗೆಯಬೇಕಾದದ್ದು ಅಪ್ಪಾಜಿಯವರ ದೊಡ್ಡಾಟ. ಚಂದನದ ಕಾರ್ಯಕ್ರಮ ಇನ್ನೊಂದು ಸಲ ಬಂದರೂ ಬರಬಹುದು, ಆ ರಾತ್ರಿ ನಿಮ್ಮ ಅಪ್ಪ ಗೆಜ್ಜೆ ಕಟ್ಟಿ ಗದೆ ಹೊತ್ತು ಕುಣಿದದ್ದು ಮತ್ತೆ ಎಲ್ಲಿ ಸಿಗುತ್ತದೆ?

ಈಗ ಬ್ಯಾಕಪ್ ವಿಷಯ. ನೀನು ಮಾಡಿರುವುದು ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋದರೆ ಸಿಗುವ ‘ಕ್ರಿಯೇಟ್ ಸಿಸ್ಟಮ್ ಅಂಡ್ ಕೋಡಿ ಬ್ಯಾಕಪ್’ ಅಲ್ವಾ? ಅದು ಒಳ್ಳೆಯದೇ. ಕೋಡಿಯ ಸೆಟ್ಟಿಂಗ್, ಲೈಬ್ರರಿ, ಆ್ಯಡ್-ಆನ್‌ಗಳು, ಟಿವಿಹೆಡ್‌ಎಂಡ್‌ನಲ್ಲಿ ಸ್ಕ್ಯಾನ್ ಮಾಡಿದ ಚಾನೆಲ್‌ಗಳು, ಇಟ್ಟ ಟೈಮರ್‌ಗಳು ಎಲ್ಲ ಅದರಲ್ಲಿ ಬರುತ್ತವೆ. ಆದರೆ ರೆಕಾರ್ಡಿಂಗ್ ಒಂದೂ ಬರುವುದಿಲ್ಲ. ಯಾವ ಕಾರ್ಯಕ್ರಮ ಯಾವ ಫೈಲಿನಲ್ಲಿದೆ ಅನ್ನುವ ಪಟ್ಟಿ ಬರುತ್ತದೆ, ಫೈಲ್ ಬರುವುದಿಲ್ಲ. ಇದು ಗೊತ್ತಿಲ್ಲದೆ ಡಿಸ್ಕ್ ಫಾರ್ಮ್ಯಾಟ್ ಮಾಡಿದವರ ಪತ್ರ ಈ ಅಂಕಣಕ್ಕೆ ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾಕಂದರೆ ಆಮೇಲೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಇನ್ನೊಂದು. ಆ ಬ್ಯಾಕಪ್ ಫೈಲ್ ಎಲ್ಲಿದೆ ನೋಡು. ‘ಬ್ಯಾಕಪ್’ ಫೋಲ್ಡರ್ ತೆಗೆದರೆ 20250518214530 ಅನ್ನುವ ಥರ ಉದ್ದ ಅಂಕಿಯ ಹೆಸರಿರುವ ಟಾರ್ ಫೈಲ್ (ಹಲವು ಫೈಲ್ ಸೇರಿಸಿ ಕಟ್ಟಿದ ಒಂದೇ ಗಂಟು) ಕಾಣುತ್ತದೆ. ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡ್. ಅದು ಕೂತಿರುವುದು ಅದೇ ಟಿಕ್ ಟಿಕ್ ಡಿಸ್ಕಿನಲ್ಲಿ! ಮನೆಗೆ ಬೀಗ ಹಾಕಿ ಕೀಲಿ ಒಳಗೇ ಇಟ್ಟ ಹಾಗೆ. ಬಳ್ಳಾರಿಯ ನಮ್ಮ ಮನೆಯಲ್ಲೂ ಹೀಗೇ ಆಯಿತು. ಏಪ್ರಿಲ್ ತಿಂಗಳು, ಸುಡುಬಿಸಿಲು, ಒಂದೇ ಮಧ್ಯಾಹ್ನ ಐದಾರು ಸಲ ಕರೆಂಟ್ ಹೋಗಿ ಬಂತು, ಸಂಜೆ ಹೊತ್ತಿಗೆ ಡಿಸ್ಕ್ ಏಳಲೇ ಇಲ್ಲ. ಬ್ಯಾಕಪ್ ಮಾಡಿದ್ದೆ, ಅದೂ ಅದರೊಳಗೇ ಹೋಯಿತು. ಚಾನೆಲ್ ಎಲ್ಲ ಮತ್ತೆ ಜೋಡಿಸಬಹುದು, ಎರಡು ದಿನದ ಕೆಲಸ. ಆದರೆ ನಮ್ಮ ಅಜ್ಜಿ ಹಾಡಿದ ಬೀಸೋಕಲ್ಲಿನ ಪದಗಳು ಅದರಲ್ಲಿದ್ದವು. ಅವು ಬರಲಿಲ್ಲ. ಅವತ್ತಿನಿಂದ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ: ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಬೇಕು, ಆ ಡಿಸ್ಕ್ ಕೆಲಸ ಮುಗಿದ ಮೇಲೆ ವೈರ್ ಕಿತ್ತು ಬೀರುವಿನಲ್ಲಿರಬೇಕು.

ಕಾಪಿ ಮಾಡುವುದು ಕಷ್ಟವಲ್ಲ. ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸೌಲಭ್ಯ) ಆನ್ ಇದ್ದರೆ ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಿಂದ ನೆಟ್‌ವರ್ಕ್ ತೆಗೆದಾಗ ಲಿಬ್ರೆಎಲೆಕ್ ಹೆಸರು ಕಾಣುತ್ತದೆ, ಒಳಗೆ ಬ್ಯಾಕಪ್, ರೆಕಾರ್ಡಿಂಗ್ಸ್, ವಿಡಿಯೋಸ್ ಎಲ್ಲ ಬೇರೆ ಬೇರೆ ಫೋಲ್ಡರ್. ಮೂರನ್ನೂ ಎಳೆದುಕೋ. ಅಥವಾ ಹೊಸ ಡಿಸ್ಕನ್ನು ನೇರ ಆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿ ಕಾಪಿ ಮಾಡು. ಹಳೇ ಯುಎಸ್‌ಬಿ 2.0 ಆದರೆ 300 ಜಿಬಿಗೆ ಏನಿಲ್ಲವೆಂದರೂ ಮೂರು ಗಂಟೆ ಬೇಕು, ಅವಸರ ಬೇಡ. ಯಾರಾದರೂ ಹತ್ತಿರದವರಲ್ಲಿ ಯುಪಿಎಸ್ ಇದ್ದರೆ ಅವತ್ತೊಂದು ದಿನಕ್ಕೆ ಇಸ್ಕೊಂಡು ಬಾ. ಮುಗಿದ ಮೇಲೆ ದೊಡ್ಡಾಟದ ವಿಡಿಯೋವನ್ನು ಹೊಸ ಡಿಸ್ಕಿನಿಂದಲೇ ತೆಗೆದು ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಸ್ವಲ್ಪ ಸ್ವಲ್ಪ ನೋಡು. ಫೈಲ್ ಹೆಸರು ಕಂಡಿತು ಅಂದ ಮಾತ್ರಕ್ಕೆ ಒಳಗೆ ಎಲ್ಲ ಸರಿ ಇದೆ ಅಂತಲ್ಲ.

ಕೆಟ್ಟ ಡಿಸ್ಕಿನ ಜಾಗಕ್ಕೆ ಇನ್ನೊಂದು ಜೋಡಿಸಿ ಎಲ್ಲ ವಾಪಸ್ ಹಾಕುವಾಗ ಎಚ್ಚರ ಬೇಕು. ಲಿಬ್ರೆಎಲೆಕ್ ಇನ್‌ಸ್ಟಾಲ್ ಆಗುವಾಗ ತೋರಿಸಿದ ಡಿಸ್ಕ್ ಪೂರ್ತಿ ಅಳಿಸುತ್ತದೆ, ಆದ್ದರಿಂದ ಬ್ಯಾಕಪ್ ಡಿಸ್ಕ್ ಆ ಹೊತ್ತಿಗೆ ಕಂಪ್ಯೂಟರ್‌ನಲ್ಲಿ ಇರಲೇಬಾರದು. ಇನ್‌ಸ್ಟಾಲ್ ಆದ ಮೇಲೆ ಮೊದಲು ರೆಕಾರ್ಡಿಂಗ್‌ಗಳನ್ನು ಅದೇ ಹೆಸರಿನ ಫೋಲ್ಡರಿಗೆ ತುಂಬು, ಆಮೇಲೆ ಟಾರ್ ಫೈಲನ್ನು ಬ್ಯಾಕಪ್ ಫೋಲ್ಡರಿಗೆ ಹಾಕಿ ‘ರಿಸ್ಟೋರ್ ಬ್ಯಾಕಪ್’ ಒತ್ತು, ಅದು ತಾನೇ ರೀಸ್ಟಾರ್ಟ್ ಆಗುತ್ತದೆ. ಈ ಕ್ರಮ ಯಾಕಂದರೆ ಟಿವಿಹೆಡ್‌ಎಂಡ್ ಪಟ್ಟಿಯಲ್ಲಿ ಪ್ರತಿ ರೆಕಾರ್ಡಿಂಗ್‌ನ ಪೂರ್ತಿ ದಾರಿ ಬರೆದಿರುತ್ತದೆ. ಫೋಲ್ಡರ್ ಹೆಸರು ಒಂದಕ್ಷರ ಬದಲಾದರೂ ಫೈಲ್ ಕಾಣೆಯಾಗಿದೆ ಅನ್ನುತ್ತದೆ. ರೆಕಾರ್ಡಿಂಗ್ ಹೊರಗಿನ ಡಿಸ್ಕಿಗೆ ಹೋಗುತ್ತಿದ್ದರೆ ಅದರ ಬದಲು ತಂದ ಡಿಸ್ಕಿಗೂ ಹಳೆಯದರ ಲೇಬಲ್ಲೇ (ಡಿಸ್ಕಿಗೆ ಇಟ್ಟ ಹೆಸರು) ಕೊಡು. ಟ್ಯೂನರ್ ಕಾರ್ಡ್ ಬದಲಾದರೆ ಟಿವಿಹೆಡ್‌ಎಂಡ್‌ನಲ್ಲಿ ಅದಕ್ಕೆ ಡಿಶ್‌ನ ಚಾನೆಲ್‌ಗಳಿರುವ ನೆಟ್‌ವರ್ಕ್ ಮತ್ತೆ ತೋರಿಸಬೇಕು. ಮತ್ತೆ, ಕಂಪ್ಯೂಟರಿನ ಬ್ಯಾಕಪ್ಪನ್ನು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಹಾಕಲು ಹೋಗಬೇಡ. ಆ್ಯಡ್-ಆನ್‌ಗಳು ಹೊಂದುವುದಿಲ್ಲ.

ಪ್ರಶ್ನೆ: ಸರ್, ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿದ್ದೆವು. ಬಾಕ್ಸ್ ಕೆಟ್ಟು ಹೊಸದು ತಂದೆವು. ಈಗ ಅದರಲ್ಲೂ ಬರುವುದಿಲ್ಲ, ಕಂಪ್ಯೂಟರ್‌ನಲ್ಲೂ ಬರುವುದಿಲ್ಲ.
– ಓದುಗರು, ರಾಯಚೂರು

ಉತ್ತರ: ಅಂಥ ಬಾಕ್ಸ್‌ಗಳು ರೆಕಾರ್ಡ್ ಮಾಡುವಾಗಲೇ ಫೈಲಿಗೆ ಬೀಗ ಹಾಕುತ್ತವೆ, ಬೀಗದ ಕೀಲಿ ಆ ಬಾಕ್ಸ್‌ನ ಒಳಗೇ ಇರುತ್ತದೆ. ಎಷ್ಟು ಕಾಪಿ ಮಾಡಿಟ್ಟರೂ ಬೇರೆ ಕಡೆ ತೆರೆಯುವುದಿಲ್ಲ ಅಮ್ಮ. ಹಳೇ ಬಾಕ್ಸ್ ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಕೆಟ್ಟಿರುವುದು ಅಡಾಪ್ಟರ್ ಮಾತ್ರ, ಅದೇ ವೋಲ್ಟೇಜಿನ ಇನ್ನೊಂದು ಹಾಕಿಸಿ ನೋಡಿ. ಮುಂದೆ ಇಟ್ಟುಕೊಳ್ಳಲೇಬೇಕು ಅನ್ನುವ ಕಾರ್ಯಕ್ರಮವಿದ್ದರೆ ಮೇಲಿನ ಗಂಗಾವತಿಯವರ ಹಾಗೆ ಟ್ಯೂನರ್ ಕಾರ್ಡ್ ಹಾಕಿ ಫ್ರೀ ಡಿಶ್‌ನಿಂದ ರೆಕಾರ್ಡ್ ಮಾಡಿ. ಬೀಗವಿಲ್ಲದ ಚಾನೆಲ್‌ನ ಫೈಲ್ ವಿಎಲ್‌ಸಿ ಪ್ಲೇಯರ್‌ನಲ್ಲಿ ಸುಮ್ನೆ ಓಡುತ್ತದೆ.

ಪ್ರಶ್ನೆ: 64 ಜಿಬಿ ಪೆನ್‌ಡ್ರೈವ್ ಖಾಲಿ ಇದೆ, ಆದರೂ ಇಡೀ ರಾತ್ರಿಯ ಬಯಲಾಟದ ಫೈಲ್ ಹಾಕಿದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ.
– ಓದುಗರು, ಕುಷ್ಟಗಿ

ಉತ್ತರ: ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿದೆ, ಅದರಲ್ಲಿ 4 ಜಿಬಿಗಿಂತ ಜಾಸ್ತಿಯ ಒಂದೇ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಆಗುತ್ತದೆ. ಕೆಲವು ಹಳೇ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅಂಥ ಟಿವಿ ಆದರೆ ಎನ್‌ಟಿಎಫ್‌ಎಸ್ ಮಾಡಿ ನೋಡಿ. ಫಾರ್ಮ್ಯಾಟ್ ಒತ್ತುವ ಮೊದಲು ಪೆನ್‌ಡ್ರೈವ್ ನಿಜವಾಗಿ ಖಾಲಿ ಇದೆಯಾ ಅಂತ ಇನ್ನೊಮ್ಮೆ ತೆಗೆದು ನೋಡಿ.