ಫೈಬರ್ ಪೋಸ್ಟ್ ಒಳಗೆ ಲೈಟ್ ಎಲ್ಲಿವರೆಗೆ ಇಳಿಯುತ್ತೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮೇಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಹಲ್ಲು ಅರ್ಧಕ್ಕಿಂತ ಜಾಸ್ತಿ ಮುರಿದಿದೆ, ಅದಕ್ಕೆ ಬೇರಿನೊಳಗೆ ಪೋಸ್ಟ್ ಅನ್ನೋ ಕಡ್ಡಿ ಕೂರಿಸಿ ಮೇಲೆ ಕ್ಯಾಪ್ ಹಾಕ್ಬೇಕಂತೆ. ಗ್ಲಾಸ್ ಫೈಬರ್ ಪೋಸ್ಟ್ ಆದ್ರೆ ಡಾಕ್ಟ್ರು ಹಿಡಿಯೋ ನೀಲಿ ಲೈಟ್ ಅದರೊಳಗಿಂದ ತಳದವರೆಗೂ ಹೋಗಿ ಪೋಸ್ಟ್ ಅಂಟಿಸೋ ಸಿಮೆಂಟ್ ಪೂರ್ತಿ ಗಟ್ಟಿಯಾಗುತ್ತೆ ಅಂದ್ರು, ರೇಟೂ ಜಾಸ್ತಿ. ನಿಜಾನಾ?
– ಓದುಗರು, ಶಿವಮೊಗ್ಗ

ಉತ್ತರ: ಅರ್ಧ ನಿಜ. ಲೈಟ್ ಹೋಗುತ್ತೆ, ಆದ್ರೆ ಕೆಳಗೆ ಇಳಿದಷ್ಟೂ ಸೋರಿ ಹೋಗುತ್ತೆ. ಫೈಬರ್ ಅಂದ ತಕ್ಷಣ ಎಲ್ಲರಿಗೂ ಮನೆಗೆ ಬರೋ ಇಂಟರ್ನೆಟ್ ಕೇಬಲ್ ನೆನಪಾಗುತ್ತೆ, ಅಲ್ಲಿ ಗಾಜಿನ ಎಳೆ ಸುತ್ತ ಬೇರೆ ಥರದ ಪದರ ಇರೋದ್ರಿಂದ ಬೆಳಕು ಒಳಗೊಳಗೇ ಪುಟಿದು ಕಿಲೋಮೀಟರ್‌ಗಟ್ಟಲೆ ಓಡುತ್ತೆ. ಪೋಸ್ಟ್‌ನಲ್ಲಿ ಹಾಗಿಲ್ಲ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನ ಎಪಾಕ್ಸಿ ಥರದ ರೆಸಿನ್‌ನಲ್ಲಿ ಅದ್ದಿ ಕಡ್ಡಿ ಮಾಡಿರ್ತಾರೆ, ಗಾಜು ರೆಸಿನ್ ಎರಡರ ವಕ್ರೀಭವನ ಸೂಚ್ಯಂಕಾನೂ (ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) ಹತ್ತತ್ರ 1.5, ಹಂಗಾಗಿ ಬೆಳಕನ್ನ ಒಳಗೇ ಹಿಡಿದಿಡೋಕೆ ಗೋಡೆನೇ ಇಲ್ಲ, ಪಕ್ಕಕ್ಕೆ ಜಾರುತ್ತೆ. ಎಕ್ಸ್‌ರೇಯಲ್ಲಿ ಕಾಣ್ಲಿ ಅಂತ ಬೆರೆಸೋ ಪುಡಿ ಇನ್ನಷ್ಟು ಚದುರಿಸುತ್ತೆ. ಹಾಗಂತ ಸೋರೋದು ಪೂರ್ತಿ ನಷ್ಟ ಅಲ್ಲ, ಸಿಮೆಂಟ್ ಇರೋದೇ ಪೋಸ್ಟಿನ ಪಕ್ಕದಲ್ಲಿ ತಾನೇ! ತೊಂದರೆ ಏನಂದ್ರೆ ಮೇಲಿನ ಭಾಗಕ್ಕೇ ಜಾಸ್ತಿ ಸಿಕ್ಕಿ, ಕೆಳಗಿನ ಮೂರನೇ ಒಂದು ಭಾಗಕ್ಕೆ ಉಳಿಯೋದು ತೀರಾ ಕಮ್ಮಿ. ಬ್ರ್ಯಾಂಡಿಂದ ಬ್ರ್ಯಾಂಡಿಗೂ ತುಂಬಾ ವ್ಯತ್ಯಾಸ ಇದೆ, ನೋಡೋಕೆ ಎಲ್ಲಾ ಒಂದೇ ಥರ ಬೆಳ್ಳಗಿದ್ರೂ. ಹಳೇ ಕಾಲದ ಕಪ್ಪು ಕಾರ್ಬನ್ ಫೈಬರ್ ಪೋಸ್ಟಲ್ಲಾಗ್ಲಿ ಲೋಹದ್ದರಲ್ಲಾಗ್ಲಿ ಲೈಟ್ ಹೋಗೋ ಮಾತೇ ಇಲ್ಲ.

ಅದಕ್ಕೇ ನೀವು ಕೇಳಬೇಕಾದ್ದು ಲೈಟ್ ಹೋಗುತ್ತಾ ಅಂತ ಅಲ್ಲ, ಸಿಮೆಂಟ್ ಯಾವುದು ಅಂತ. ಡ್ಯುಯಲ್ ಕ್ಯೂರ್, ಅಂದ್ರೆ ಎರಡು ರೀತೀಲಿ ಗಟ್ಟಿಯಾಗೋದು ಆದ್ರೆ ನಿಶ್ಚಿಂತೆ, ಬೆಳಕು ಮುಟ್ಟದ ಕಡೆ ಅದು ಕೆಮಿಕಲ್ ಆಗಿ ತಾನೇ ಗಟ್ಟಿಯಾಗುತ್ತೆ. ಬರೀ ಲೈಟ್ ಕ್ಯೂರ್ ಸಿಮೆಂಟನ್ನ ಅಷ್ಟು ಆಳಕ್ಕೆ ನಂಬೋದು ನನ್ನ ಪ್ರಕಾರ ಜೂಜು. ಜಾಸ್ತಿ ದುಡ್ಡು ಕೊಡೋಕೆ ಬೇರೆ ಕಾರಣ ಇದೆ: ಗ್ಲಾಸ್ ಫೈಬರ್ ಬಾಗೋ ಗುಣ ಹಲ್ಲಿನ ಡೆಂಟಿನ್‌ಗೆ (ಎನಾಮಲ್ ಒಳಗಿನ ಪದರ) ಹತ್ತಿರ, ಸ್ಟೀಲ್ ಹತ್ತು ಪಟ್ಟು ಬಿರುಸು. ಹಂಗಾಗಿ ಫೈಬರ್ ಪೋಸ್ಟ್ ಕೆಟ್ರೆ ಹೆಚ್ಚಾಗಿ ಅಂಟು ಬಿಟ್ಟು ಬರುತ್ತೆ, ಮತ್ತೆ ಕೂರಿಸಬಹುದು, ಬಿರುಸು ಪೋಸ್ಟಿಂದ ಬೇರು ಸೀಳಿದ್ರೆ ಹಲ್ಲೇ ಕೀಳಬೇಕು. ಇನ್ನೊಂದು, ಒಸಡಿನ ಮೇಲೆ 2 ಮಿಲಿಮೀಟರ್‌ನಷ್ಟಾದ್ರೂ ಗಟ್ಟಿ ಹಲ್ಲು ಸುತ್ತಲೂ ಉಳಿದಿದೆಯಾ ಕೇಳಿ, ಪೋಸ್ಟ್‌ಗಿಂತ ಅದೇ ಮುಖ್ಯ.

ಪ್ರಶ್ನೆ: ನಾನು ಡೆಂಟಲ್ ಇಂಟರ್ನ್. ಪೋಸ್ಟಿನ ಒಂದು ತುದಿಗೆ ಕ್ಯೂರಿಂಗ್ ಲೈಟ್ ಹಿಡಿದ್ರೆ ಇನ್ನೊಂದು ತುದಿ ಚೆನ್ನಾಗಿ ಹೊಳೆಯುತ್ತೆ, ಅಷ್ಟು ಸಾಕಲ್ವಾ ಸರ್?
– ಓದುಗರು, ದಾವಣಗೆರೆ

ಉತ್ತರ: ಸಾಲಲ್ಲ ಮಾರಾಯ್ರೆ. ನಮ್ಮ ಕಣ್ಣಿಗೆ ಚೂರೇ ಚೂರು ಬೆಳಕಿದ್ರೂ ಹೊಳಪು ಅನ್ಸುತ್ತೆ, ಬೆಳಕು ಬಿದ್ದಾಗ ಗಟ್ಟಿಯಾಗೋದನ್ನ ಶುರು ಮಾಡೋ ಸಿಮೆಂಟ್‌ನೊಳಗಿನ ಕ್ಯಾಂಫರ್‌ಕ್ವಿನೋನ್ ಅನ್ನೋ ರಾಸಾಯನಿಕಕ್ಕೆ 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಸಾಕಷ್ಟು ಬೇಕು. ಅದೂ ಅಲ್ದೆ ನೀವು ನೋಡ್ತಿರೋದು ಗಾಳಿಯಲ್ಲಿ ಹಿಡಿದ ಪೋಸ್ಟನ್ನ, ಬಾಯೊಳಗೆ ಲೈಟಿನ ತುದಿ ಓರೆಯಾಗುತ್ತೆ, ದೂರಾನೂ ಆಗುತ್ತೆ. ಲೈಟಿನ ತುದೀನ ಪೋಸ್ಟ್ ತಲೆಗೆ ನೇರವಾಗಿ ತಾಗಿಸಿ 40ರಿಂದ 60 ಸೆಕೆಂಡ್ ಕೊಡಿ, ಆಮೇಲೂ ಕಂಪನಿ ಹೇಳಿದ ಸೆಲ್ಫ್ ಕ್ಯೂರ್ ಟೈಮ್ (ಸಿಮೆಂಟ್ ತಾನೇ ಗಟ್ಟಿಯಾಗೋಕೆ ಬೇಕಾದ ಸಮಯ) ಮುಗಿಯೋವರೆಗೆ ಕೊರೆಯೋ ಬರ್ ಮುಟ್ಟಿಸಬೇಡಿ, ಎಷ್ಟೋ ಜನ ಅವಸರ ಮಾಡೋದು ಇಲ್ಲೇ. ಹಲ್ಲಿಗೂ ಸಿಮೆಂಟಿಗೂ ನಡುವೆ ಹಚ್ಚೋ ಬಾಂಡಿಂಗ್ ಏಜೆಂಟೂ ನೋಡ್ಕೊಳ್ಳಿ, ಕೆಲವು ಆಸಿಡಿಕ್ ಒಂದೇ ಬಾಟಲಿಯವು ಡ್ಯುಯಲ್ ಕ್ಯೂರ್ ಸಿಮೆಂಟನ್ನ ಕೆಮಿಕಲ್ ಆಗಿ ಗಟ್ಟಿ ಮಾಡೋಕೆ ಬೇಕಾದ ಅಮೈನ್ ಜೊತೆ ಜಗಳ ಆಡಿ, ಬೆಳಕಿಲ್ಲದ ಕಡೆ ಆಗಬೇಕಾದ ಗಟ್ಟಿತನಾನೇ ಕೆಡಿಸುತ್ವೆ.