ಕಿಟಕಿಯ ಬಿಸಿಲು ಸಾಕೇ, ಗುಳಿಗೆ ಬೇಕೇ?

ಪ್ರಶ್ನೆ: ನನಗೆ 52 ವರ್ಷ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಎಂದು ಬಂದಿದ್ದು, ವೈದ್ಯರು ಮೂರು ತಿಂಗಳಿಗೆ ಗುಳಿಗೆ ಬರೆದುಕೊಟ್ಟಿದ್ದಾರೆ. ದಿನವೂ ಬೆಳಿಗ್ಗೆ ಗಾಜಿನ ಕಿಟಕಿಯ ಬಳಿ ಬಿಸಿಲಿಗೆ ಕೂರುತ್ತೇನೆ; ಹಾಲು, ಮೊಟ್ಟೆ ಸೇವಿಸುತ್ತೇನೆ. ಇಷ್ಟರಿಂದಲೇ ಕೊರತೆ ನೀಗದೇ?

ಉತ್ತರ: ನೀವು ಕೂರುವಲ್ಲಿ ಮೈ ಬೆಚ್ಚಗಾಗುತ್ತದೆಯೇ ಹೊರತು ವಿಟಮಿನ್ ಡಿ ಉಂಟಾಗುವುದಿಲ್ಲ. ಅದರ ಪೂರ್ವರೂಪ ಚರ್ಮದಲ್ಲಿ ಹುಟ್ಟಲು ನೇರಳಾತೀತ ಬಿ ಕಿರಣಗಳು ಬೇಕು. ಕಿಟಕಿಯ ಗಾಜು ಅವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಯಲಿನಲ್ಲಿ ಕುಳಿತರೂ, ನೆರಳು ನಮಗಿಂತ ಉದ್ದವಾಗಿರುವ ಎಳೆಬಿಸಿಲಿನಲ್ಲಿ ಈ ಕಿರಣಗಳು ತೀರಾ ಕಡಿಮೆ. ಹಾಗೆಂದು ನಡುಹಗಲಿನಲ್ಲಿ ಗಂಟೆಗಟ್ಟಲೆ ಮೈಯೊಡ್ಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ, ಏಕೆಂದರೆ ಸ್ವಲ್ಪ ಹೊತ್ತಿನ ಬಳಿಕ ಅದೇ ಕಿರಣಗಳು ಪೂರ್ವರೂಪವನ್ನು ನಿಷ್ಕ್ರಿಯ ವಸ್ತುಗಳಾಗಿ ಮಾರ್ಪಡಿಸತೊಡಗುತ್ತವೆ. ಲಾಭ ಅಲ್ಲಿಗೆ ನಿಂತರೂ ಚರ್ಮದ ಕ್ಯಾನ್ಸರಿಗೆ ದಾರಿಮಾಡುವ ಹಾನಿ ಮಾತ್ರ ಕೂಡುತ್ತಲೇ ಹೋಗುತ್ತದೆ. ಮೈಬಣ್ಣ ಗಾಢವಾದಷ್ಟೂ ಹೆಚ್ಚು ಹೊತ್ತು ಬೇಕು, ವಯಸ್ಸಾದಂತೆ ಚರ್ಮದ ಸಾಮರ್ಥ್ಯ ತಗ್ಗುತ್ತದೆ. ಆದ್ದರಿಂದ ಇಷ್ಟೇ ನಿಮಿಷ ಎಂದು ಎಲ್ಲರಿಗೂ ಒಂದೇ ಲೆಕ್ಕ ಹೇಳಲಾಗದು.

ಆಹಾರದ ಪಾಲು ಇನ್ನೂ ಕಿರಿದು. ಒಂದು ಮೊಟ್ಟೆಯ ಹಳದಿಯಲ್ಲಿರುವುದು ಸುಮಾರು 40 ಯೂನಿಟ್. ನಿಮ್ಮ ವಯಸ್ಸಿನವರಿಗೆ ಬಿಸಿಲಿನ ನೆರವಿಲ್ಲದಿದ್ದರೆ ದಿನಕ್ಕೆ ಬೇಕಾಗುವುದು ಸುಮಾರು 600. ವಿಟಮಿನ್ ಸೇರಿಸದ ಹಾಲಿನಲ್ಲಿ ಇದು ಅತ್ಯಲ್ಪ. ಹೇರಳವಾಗಿ ಸಿಗುವುದು ಕೊಬ್ಬಿನಂಶ ಹೆಚ್ಚಿರುವ ಮೀನಿನಲ್ಲಿ.

ರಕ್ತದಲ್ಲಿ 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಜನರಿಗೆ ಸಾಕು. 12ಕ್ಕಿಂತ ಕೆಳಗಿಳಿದರೆ ಮೂಳೆ ಮೆತ್ತಗಾಗುವ ಅಪಾಯವಿದೆ. ನಿಮ್ಮದು 11 ಆಗಿರುವುದರಿಂದ ದಯವಿಟ್ಟು ಗುಳಿಗೆ ಬಿಡಬೇಡಿ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಇದಾದ್ದರಿಂದ ಊಟದ ಜೊತೆಗೆ ನುಂಗಿದರೆ ಚೆನ್ನಾಗಿ ಹೀರಿಕೆಯಾಗುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಅವಧಿ ಮುಗಿದ ಮೇಲಿನ ದಿನಗಳ ಬಗ್ಗೆ. ಬಿಸಿಲಿನಿಂದ ವಿಟಮಿನ್ ಡಿ ವಿಷಮಟ್ಟಕ್ಕೆ ಏರದು, ಆದರೆ ಹೆಚ್ಚು ಪ್ರಮಾಣದ ಗುಳಿಗೆಯನ್ನು ತಾವಾಗಿಯೇ ಮುಂದುವರಿಸುವವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಕರಿಕೆ, ಅತಿಯಾದ ಬಾಯಾರಿಕೆ, ಮೂತ್ರಪಿಂಡದ ಕಲ್ಲುಗಳವರೆಗೂ ತೊಂದರೆ ಬೆಳೆಯಬಹುದು. ವೈದ್ಯರು ಹೇಳದೆ ದಿನಕ್ಕೆ 4000 ಯೂನಿಟ್ ಮೀರಬಾರದು. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷಿಸಿಕೊಂಡು ಮುಂದಿನ ಪ್ರಮಾಣ ಕೇಳಿ. ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿದ್ದರೆ ಅದನ್ನು ಈಗಲೇ ಅವರಿಗೆ ತಿಳಿಸಿ.