ರಿಪೋರ್ಟಿನಲ್ಲಿರುವ ‘9’ರ ಲೆಕ್ಕ

ಡೊಂಬಿವಿಲಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ: ಹೋಟೆಲ್ ಮ್ಯಾನೇಜರ್ ಆಗಿರುವ ಯಜಮಾನರಿಗೆ ಜೋರು ಗೊರಕೆ. ನಡುವೆ ಉಸಿರು ನಿಂತು ಧಡಕ್ಕನೆ ಎದ್ದು ಕೂರುತ್ತಾರೆ. ಲೋಕಲ್‌ನಲ್ಲಿ ನಿಂತಲ್ಲೇ ತೂಕಡಿಕೆ. ತಡರಾತ್ರಿ ಸ್ಟೇಷನ್‌ನಿಂದ ಸ್ಕೂಟರಿನಲ್ಲಿ ಬರುತ್ತಾರೆ. ಮನೆಯಲ್ಲೇ ಮಾಡಿದ ಸ್ಲೀಪ್ ಟೆಸ್ಟ್ ‘ಎಎಚ್‌ಐ 9, ಮೈಲ್ಡ್’ ಎಂದಿತು. ಆದರೂ ಡಾಕ್ಟರು ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಲು ಹೇಳುತ್ತಿದ್ದಾರೆ. ಅದು ಬೇಕೇ? ಭಾವನವರ ಹಳೆಯ ಸಿಪ್ಯಾಪ್ ಮೆಶಿನ್ (ಗಂಟಲು ಮುಚ್ಚದಂತೆ ಮಾಸ್ಕಿನಿಂದ ಗಾಳಿ ಒತ್ತುವ ಯಂತ್ರ) ಕಪಾಟಿನಲ್ಲಿದೆ, ಅದನ್ನೇ ಹಾಕಿಕೊಳ್ಳಬಹುದೇ?

ಸೋದರಿ, ಡಾಕ್ಟರು ಹೇಳಿದ್ದು ಸರಿ. ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿತು ಅಥವಾ ತೀರ ಕುಗ್ಗಿತು ಎಂಬ ಲೆಕ್ಕ. 5ರಿಂದ 15 ಮೈಲ್ಡ್, 30ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಮನೆಗೆ ಕೊಡುವ ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಮೂಗಿನ ನಳಿಕೆ, ಎದೆಗೆ ಕಟ್ಟುವ ಬೆಲ್ಟ್, ಬೆರಳಿನ ಕ್ಲಿಪ್ ಇಷ್ಟೇ. ಲ್ಯಾಬಿನಲ್ಲಿ ಹಚ್ಚುವ, ಮಿದುಳಿನ ಅಲೆ ಅಳೆಯುವ ತಂತಿ ಇದರಲ್ಲಿ ಇಲ್ಲ. ಹಾಗಾಗಿ ಅವರು ನಿದ್ದೆ ಮಾಡಿದರೋ, ಹೊರಳಾಡುತ್ತ ಎಚ್ಚರವೇ ಇದ್ದರೋ ಅದಕ್ಕೆ ಗೊತ್ತಾಗುವುದಿಲ್ಲ. ಯಂತ್ರ ಓಡಿದ 7 ಗಂಟೆಯಲ್ಲಿ 63 ಸಲ ಉಸಿರು ಕಟ್ಟಿತು ಎಂದುಕೊಳ್ಳಿ, ಭಾಗಿಸಿದರೆ 9. ನಿಜವಾಗಿ ನಿದ್ದೆ ಬಂದದ್ದು 4 ಗಂಟೆಯಾದರೆ ಅದೇ 63 ಸುಮಾರು 16 ಆಗುತ್ತದೆ. ಮೈಲ್ಡ್ ಇದ್ದದ್ದು ಮಧ್ಯಮಕ್ಕೆ ಏರಿತು. ಉಸಿರು ಕುಗ್ಗಿ ನಿದ್ದೆ ಒಡೆದರೂ ಆಮ್ಲಜನಕ ಇಳಿಯದಿದ್ದರೆ ಅಂಥದ್ದನ್ನೂ ಈ ಕಿಟ್ ಎಣಿಸುವುದಿಲ್ಲ. ಹಗಲಿನ ತೂಕಡಿಕೆ ಇಷ್ಟಿದ್ದು ಅಂಕಿ ಮಾತ್ರ ಸಣ್ಣದಿದ್ದರೆ ಅಂಕಿಯನ್ನೇ ಅನುಮಾನಿಸಬೇಕು.

ನಿದ್ದೆಯಲ್ಲಿ ಹೀಗೆ ಉಸಿರು ಕಟ್ಟುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ, ಇದು ಅಪರೂಪದ ಕಾಯಿಲೆಯೂ ಅಲ್ಲ. ನಮ್ಮ ಮುಂಬಯಿಯಲ್ಲೇ 35ರಿಂದ 65ರ ಹರೆಯದ ಗಂಡಸರ ಮೇಲೆ ಡಾ. ಜರೀರ್ ಉದವಾಡಿಯಾ ತಂಡ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಹೀಗಿತ್ತು: ನಿದ್ದೆಯಲ್ಲಿ ಉಸಿರಾಟದ ತೊಂದರೆ ಇರುವವರು ಶೇ. 19.5, ಅದರ ಜೊತೆ ಹಗಲು ನಿದ್ದೆಯೂ ಕಾಡುವವರು ಶೇ. 7.5.

ಲ್ಯಾಬಿಗೆ ಹೋದಾಗ ಅಂಗಾತ ಮಲಗಿದಾಗಿನ ಎಎಚ್‌ಐಯನ್ನು ಬೇರೆಯಾಗಿ ಕೇಳಿ ಪಡೆಯಿರಿ. ಕೆಲವರಿಗೆ ಮಗ್ಗುಲಾದಾಗ ಏನೂ ಇರುವುದಿಲ್ಲ, ಅಂಗಾತ ಬಿದ್ದೊಡನೆ ಗಂಟಲು ಮುಚ್ಚಿಕೊಳ್ಳುತ್ತದೆ.

ಭಾವನವರ ಮೆಶಿನ್ ಈಗ ಬೇಡ. ಅದರ ಒತ್ತಡ ಭಾವನವರ ಗಂಟಲಿಗೆ ಹೊಂದಿಸಿದ್ದು. ಕಡಿಮೆಯಾದರೆ ಗಂಟಲು ತೆರೆಯುವುದಿಲ್ಲ, ಹೆಚ್ಚಾದರೆ ಗಾಳಿ ಸೋರಿ ನಿದ್ದೆಯೇ ಹಾಳು. ಮುಂದೆ ಡಾಕ್ಟರು ಒಪ್ಪಿ ಒತ್ತಡ ಬದಲಿಸಿಕೊಟ್ಟರೂ ಮಾಸ್ಕ್, ನಳಿಕೆ, ಫಿಲ್ಟರ್ ಹೊಸದೇ ಆಗಬೇಕು. ಮಾಸ್ಕನ್ನು ಕುಳಿತು ಅಳತೆ ನೋಡಬೇಡಿ. ಮಲಗಿ, ಗಾಳಿ ಬಿಟ್ಟು ನೋಡಿ, ಏಕೆಂದರೆ ಮಲಗಿದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಸೋರಿದರೆ ಪಟ್ಟಿ ಬಿಗಿಯುವುದೇ ಎಲ್ಲರ ತಪ್ಪು: ಮೆತ್ತೆ ಚಪ್ಪಟೆಯಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಸೇತುವೆ ಕೆಂಪಾಗುತ್ತದೆ. ಪಟ್ಟಿ ಸಡಿಲಿಸಿ, ಮಾಸ್ಕನ್ನು ತುಸು ಎತ್ತಿ ಗಾಳಿ ತುಂಬಲು ಬಿಟ್ಟು ಮತ್ತೆ ಕೂರಿಸಿ. ಎಸಿ ಕೋಣೆಯಲ್ಲಿ ನಳಿಕೆಯೊಳಗೆ ನೀರು ಗುಳುಗುಳು ಎಂದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಒಂದು ಹಂತ ಇಳಿಸಿ, ಮೆಶಿನನ್ನು ತಲೆಗಿಂತ ಕೆಳಗಿಡಿ.

ಅಲ್ಲಿಯವರೆಗೆ ಮಗ್ಗುಲಾಗಿ ಮಲಗಲಿ. ಕುಡಿಯುವ ಅಭ್ಯಾಸವಿದ್ದರೆ ರಾತ್ರಿ ಖಂಡಿತ ಬೇಡ. ಸ್ಕೂಟರ್ ಮನೆಯಲ್ಲೇ ಇರಲಿ, ಸ್ಟೇಷನ್‌ನಿಂದ ರಿಕ್ಷಾದಲ್ಲೇ ಬರಲಿ.